ದಾರಿಯಿಲ್ಲದಲ್ಲಿ ಓಡುವ ಗಾಡಿ

ನಮ್ಮ ಶಾಲೆಯಲ್ಲಿ ಓದಿ ಈಗ ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು, ರಜೆಯಲ್ಲಿ ಊರಿಗೆ ಬಂದಾಗ ತಮ್ಮ ಹತ್ತು ವರ್ಷದ ಮಗನನ್ನು ಕರೆದುಕೊಂಡು ಶಾಲೆಗೂ ಬಂದಿದ್ದರು. ಅದಕ್ಕೆ ಹಿಂದಿನ ವರ್ಷ ಅವರು ಸಕುಟುಂಬವಾಗಿ ಹವಾಯಿ ದ್ವೀಪಗಳಿಗೆ ಪ್ರವಾಸ ಹೋಗಿದ್ದರಂತೆ. ಅಲ್ಲಿ ತೆಗೆದ ಚಿತ್ರಗಳನ್ನು ತರಗತಿಯಲ್ಲಿ ತೋರಿಸುತ್ತಿರುವಾಗ ಒಂದು ಚಿತ್ರವನ್ನು ಬಿಟ್ಟು ಮಕ್ಕಳು ಮುಂದೆ ಹೋಗಲೊಲ್ಲರು. ದಪ್ಪ ಗಾಲಿಗಳು ನಾಲ್ಕು. ಮೋಟಾರು ಸೈಕಲಿಗಿರುವಂತಹ ಹಿಡಿಕೆ. ಕುದುರೆಯ ಬೆನ್ನಿನ ಮೇಲೆ ಕುಳಿತಂತೆ ಕಾಲುಗಳನ್ನು ಎರಡೂ ಕಡೆಗೆ ಇಳಿಬಿಟ್ಟು ಕೂರುವ ಪೀಠ. ಮೈಯೆಲ್ಲಾ ಕೆಂಪು ಕೆಸರು. ಗಾಡಿಯ ಮೇಲಿದ್ದವರು ತಂದೆ. ಮಗನು ಬೇಲಿಯ ಬಳಿ ಮುಖ ಊದಿಸಿಕೊಂಡು ನಿಂತಿದ್ದನು.

"ನನಗೆ ಬಿಡಲಿಕ್ಕೆ ಕೊಡಲೇ ಇಲ್ಲ" ಎಂದು ಅವನು ಹೇಳಿದ್ದೇ ತಡ, ನಮ್ಮ ಮಕ್ಕಳೆಲ್ಲರೂ ಅವನ ಪಕ್ಷವನ್ನು ವಹಿಸಿದರು. "ಎರಡು ಗಾಲಿಯ ಸೈಕಲು ಬಿಡುವವನಿಗೆ ನಾಲ್ಕು ಗಾಲಿಯದ್ದು ಕಷ್ಟವೇ? ಅದು ಬೀಳುವುದೂ ಇಲ್ಲವಲ್ಲ!" ಎಂದಳು ಒಬ್ಬ ಹುಡುಗಿ. ಪ್ರಶ್ನೆಯು ನ್ಯಾಯವಾದುದು. ಅಂದು ಗಂಟೆ ಬಾರಿಸಿದ್ದರಿಂದ ಉತ್ತರವು ಅರ್ಧಕ್ಕೆ ನಿಂತಿತು. ಉಳಿದುದನ್ನು, ತಂದೆ ತಾಯಂದಿರೂ ಓದಲೆಂದು, ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಗಾಡಿಯ ವಿಚಾರ. ಇದನ್ನು ಎ.ಟಿ.ವಿ. ಎಂದು ಕರೆಯುತ್ತಾರೆ; ಎಲ್ಲ ಬಗೆಯ ನೆಲದ ಮೇಲೂ ಓಡುವ ಗಾಡಿ ಎಂದು ಅದರ ಅರ್ಥ. ಜಪಾನಿನ ಹೊಂಡಾ ಸಂಸ್ಥೆಯು 1970ರಲ್ಲಿ ಇಂತಹ ಗಾಡಿಯೊಂದನ್ನು ಅಮೆರಿಕದ ಪೇಟೆಗೆ ತಂದಿತು. ಚಳಿಗಾಲದಲ್ಲಿ ಹಿಮ ಬಿದ್ದು ಮೋಟಾರು ಸೈಕಲುಗಳ ಮಾರಾಟ ಇಳಿಯುತ್ತಿದ್ದುದರಿಂದ, ಆ ಕಾಲದಲ್ಲೂ ಮಾರಬಹುದಾದ ವಾಹನವೊಂದು ಬೇಕೆಂದು ಅಲ್ಲಿನ ವರ್ತಕರು ಕೇಳಿದ್ದರು. ಒಸಾಮು ತಾಕೆಯುಚಿ ಎಂಬ ಎಂಜಿನಿಯರರು ಹಲವು ಸಂಖ್ಯೆಯ ಗಾಲಿಗಳನ್ನು ಕಟ್ಟಿ ನೋಡಿ, ಕೊನೆಗೆ ಮೂರು ಗಾಲಿಗಳನ್ನು ಆರಿಸಿದರು. ಆ ಮೂರು ಗಾಲಿಯ ಗಾಡಿಯು ತಿರುವಿನಲ್ಲಿ ಮಗುಚುವುದರಲ್ಲಿ ಕುಖ್ಯಾತವಾಯಿತು. ಹತ್ತು ಹನ್ನೆರಡು ವರ್ಷಗಳ ತರುವಾಯ ಸುಜುಕಿ ಸಂಸ್ಥೆಯು ನಾಲ್ಕು ಗಾಲಿಯದನ್ನು ಹೊರತಂದಿತು. 1988ರಲ್ಲಿ ಅಮೆರಿಕದ ಸರಕಾರಕ್ಕೂ ತಯಾರಕರಿಗೂ ಆದ ಒಪ್ಪಂದದಂತೆ ಮೂರು ಗಾಲಿಯ ಹೊಸ ಗಾಡಿಗಳ ಮಾರಾಟ ಅಲ್ಲಿ ನಿಂತುಹೋಯಿತು. ನಾಲ್ಕು ಗಾಲಿಯದು ಅದಕ್ಕಿಂತ ಮೇಲು, ನಿಜ. ಆದರೆ ಮೇಲು ಎಂದ ಮಾತ್ರಕ್ಕೆ ಬೀಳುವುದಿಲ್ಲ ಎಂದಾಗಲಿಲ್ಲ.

ಕೆಸರಿನಲ್ಲಿ ಇದು ಹೂತುಹೋಗದೆ ಹೇಗೆ ಓಡುತ್ತದೆ? ಇದರ ಗುಟ್ಟು ಟಯರಿನಲ್ಲಿದೆ. ಕಾರಿನ ಟಯರಿಗೆ ಚದರ ಅಂಗುಲಕ್ಕೆ ಸುಮಾರು 32 ಪೌಂಡಿನಷ್ಟು ಗಾಳಿಯನ್ನು ತುಂಬುತ್ತಾರೆ. ಇದಕ್ಕೆ ಸುಮಾರು 5 ಪೌಂಡು ಸಾಕು. ಟಯರು ನೆಲವನ್ನು ಒತ್ತುವ ಒತ್ತಡವು, ಸ್ಥೂಲವಾಗಿ, ಒಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. 5 ಪೌಂಡು ಎಂದರೆ ಚದರ ಸೆಂಟಿಮೀಟರಿಗೆ 350 ಗ್ರಾಂ. ಗಾಡಿಯ ತೂಕ 300 ಕಿಲೋ, ಸವಾರನದು 70 ಕಿಲೋ, ಒಟ್ಟು 370 ಕಿಲೋ ಎಂದಿಟ್ಟುಕೊಳ್ಳೋಣ. ಭಾಗಿಸಿದರೆ ನಾಲ್ಕು ಗಾಲಿಗಳೂ ಸೇರಿ ನೆಲಕ್ಕೆ ತಾಗುವ ಜಾಗವು ಸುಮಾರು 1,050 ಚದರ ಸೆಂಟಿಮೀಟರು. ಒಂದೊಂದು ಗಾಲಿಗೆ ಹದಿನಾರು ಸೆಂಟಿಮೀಟರು ಉದ್ದ, ಹದಿನಾರು ಸೆಂಟಿಮೀಟರು ಅಗಲದ ಒಂದು ಚೌಕ. ಇನ್ನು ನಿಮ್ಮ ತಂದೆಯವರು ಗದ್ದೆಯ ಹುಣಿಯ ಮೇಲೆ ನಡೆಯುವುದನ್ನು ನೆನೆಯಿರಿ. 60 ಕಿಲೋ ತೂಕ, ಒಂದು ಕಾಲು ಎತ್ತಿದಾಗ ಇನ್ನೊಂದು ಪಾದದ 200 ಚದರ ಸೆಂಟಿಮೀಟರಿನ ಮೇಲೆ ಬೀಳುತ್ತದೆ. ಚದರ ಸೆಂಟಿಮೀಟರಿಗೆ 300 ಗ್ರಾಂ ಆಯಿತು. ಆರು ಜನರ ಭಾರದ ಈ ಗಾಡಿಯು ನೆಲವನ್ನು ಒತ್ತುವುದು ನಡೆಯುವ ಮನುಷ್ಯನ ಬರಿಗಾಲಿಗಿಂತ ತುಸು ಹೆಚ್ಚು, ಅಷ್ಟೆ! ಈ ಲೆಕ್ಕವನ್ನು ಮಾಡಿದಾಗ ನಮಗೇ ಆಶ್ಚರ್ಯವಾಯಿತು. ಒಮ್ಮೆಗೆ ನಂಬದೆ ಎರಡು ಬಾರಿ ಭಾಗಿಸಿ ನೋಡಿದೆವು.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಸೈಕಲಿನಲ್ಲಿ ಎಡಕ್ಕೆ ತಿರುಗುವಾಗ ನೀವು ಎಡಕ್ಕೆ ವಾಲುತ್ತೀರಿ. ನಿಮ್ಮೊಡನೆ ಸೈಕಲೂ ವಾಲುತ್ತದೆ. ಹಾಗೆ ವಾಲುವುದರಿಂದಲೇ ಹೊರಕ್ಕೆ ಬೀಳದೆ ಉಳಿಯುತ್ತೀರಿ. ನಾಲ್ಕು ಗಾಲಿಯ ಗಾಡಿಗೆ ಈ ಉಪಾಯ ಇಲ್ಲ. ನಾಲ್ಕೂ ನೆಲದ ಮೇಲೆ ಇರಬೇಕಾದುದರಿಂದ ಅದು ನೆಟ್ಟಗೆ ನಿಂತೇ ತಿರುಗಬೇಕು. ಎಡ ಬಲ ಗಾಲಿಗಳ ನಡುವಣ ದೂರ 90 ಸೆಂಟಿಮೀಟರು, ಸವಾರನೂ ಸೇರಿದಂತೆ ಗುರುತ್ವಕೇಂದ್ರದ ಎತ್ತರ 65 ಸೆಂಟಿಮೀಟರು ಎನ್ನೋಣ. ಆರು ಮೀಟರು ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 23 ಕಿಲೋಮೀಟರು ವೇಗವನ್ನು ಮುಟ್ಟಿದರೆ, ಒಳಬದಿಯ ಗಾಲಿಗಳು ನೆಲ ಬಿಟ್ಟು ಏಳಬೇಕು ಎಂದು ಲೆಕ್ಕ ಹೇಳುತ್ತದೆ. 23 ಕಿಲೋಮೀಟರು ಎಂದರೆ ಇಳಿಜಾರಿನಲ್ಲಿ ನಿಮ್ಮ ಸೈಕಲಿನ ವೇಗ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಸಡಿಲ ಮಣ್ಣಿನ ಮೇಲೆ ಟಯರು ಮಗುಚುವುದಕ್ಕೆ ಮೊದಲೇ ಜಾರಿಬಿಡುತ್ತದೆ. ಜಾರಿದರೆ ಗಾಡಿ ಅಡ್ಡಕ್ಕೆ ಸರಿದು ನಿಲ್ಲುತ್ತದೆ. ಡಾಮರು ರಸ್ತೆಯ ಮೇಲೆ ಜಾರುವುದಿಲ್ಲ, ಹಿಡಿದುಕೊಳ್ಳುತ್ತದೆ; ಆದುದರಿಂದ ಮಗುಚುತ್ತದೆ. ಇದಲ್ಲದೆ ಇಂತಹ ಅನೇಕ ಗಾಡಿಗಳಲ್ಲಿ ಹಿಂದಿನ ಎರಡು ಗಾಲಿಗಳೂ ಒಂದೇ ಅಚ್ಚಿಗೆ ಬಿಗಿದಿರುತ್ತವೆ. ತಿರುವಿನಲ್ಲಿ ಹೊರಗಿನ ಗಾಲಿಯು ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಓಡಬೇಕಾದಾಗ, ಎರಡೂ ಸಮನಾಗಿಯೇ ಸುತ್ತುವುದರಿಂದ ಗಾಡಿಯು ಹಟಮಾರಿ ಎತ್ತಿನಂತೆ ನೇರಕ್ಕೇ ಎಳೆಯುತ್ತದೆ. ಮಣ್ಣಿನಲ್ಲಾದರೆ ಒಳಗಿನ ಗಾಲಿ ಸ್ವಲ್ಪ ಜಾರಿ ಹೊಂದಿಕೊಳ್ಳುತ್ತದೆ. ನಯವಾದ ರಸ್ತೆ ಸುರಕ್ಷಿತ, ಕೊರಕಲು ನೆಲ ಅಪಾಯ ಎಂದು ನಾವೆಲ್ಲರೂ ತಿಳಿದಿರುತ್ತೇವಷ್ಟೆ; ಈ ಗಾಡಿಯ ಮಟ್ಟಿಗೆ ಅದು ತಿರುಗುಮುರುಗು. ಡಾಮರು ರಸ್ತೆಯಲ್ಲಿ ಇದನ್ನು ಓಡಿಸಕೂಡದೆಂದು ತಯಾರಕರೇ ಗಾಡಿಯ ಮೇಲೆ ಎಚ್ಚರಿಕೆಯನ್ನು ಅಂಟಿಸುತ್ತಾರೆ.

ನಮ್ಮ ಹಳೆಯ ವಿದ್ಯಾರ್ಥಿಯು ಸವಾರಿ ಮಾಡಿದ್ದು ಹವಾಯಿ ಎಂದೇ ಹೆಸರಿರುವ ದೊಡ್ಡ ದ್ವೀಪದಲ್ಲಿ, ಅದರ ಉತ್ತರ ತುದಿಯ ಕೊಹಾಲ ಎಂಬಲ್ಲಿ. ಭೂಪಟವನ್ನು ತೆರೆದು ಶಾಂತ ಮಹಾಸಾಗರದ ನಡುವೆ, ಉತ್ತರ ಅಕ್ಷಾಂಶ 20 ಡಿಗ್ರಿಯ ಬಳಿ ಹುಡುಕಿರಿ. ಆ ದ್ವೀಪವನ್ನು ಕಟ್ಟಿದ ಐದು ಜ್ವಾಲಾಮುಖಿಗಳಲ್ಲಿ ಕೊಹಾಲವೇ ಅತ್ಯಂತ ಹಳೆಯದು. ಅದು ಆರಿ ಬಹುಕಾಲವಾಯಿತು. ಅದರ ಕರಿಕಲ್ಲು ಸಾವಿರಾರು ವರ್ಷಗಳ ಬಿಸಿಲು ಮಳೆಗೆ ಕರಗಿ, ಅದರೊಳಗಿನ ಕಬ್ಬಿಣವು ತುಕ್ಕು ಹಿಡಿದು ಮಣ್ಣು ಕೆಂಪಾಗಿದೆ. ನಮ್ಮ ಮುರಕಲ್ಲಿನ ಗುಡ್ಡಗಳನ್ನು ಕೆಂಪು ಮಾಡಿದುದೂ ಇದೇ ಕಬ್ಬಿಣ, ಇದೇ ಬಿಸಿಲು ಮಳೆ. ಚಿತ್ರವನ್ನು ನೋಡಿ "ಇದು ನಮ್ಮ ಗುಡ್ಡದ ಹಾಗೆಯೇ ಇದೆ" ಎಂದ ಹುಡುಗನು ತಪ್ಪು ಹೇಳಲಿಲ್ಲ.

ನೂರಕ್ಕೂ ಹೆಚ್ಚು ವರ್ಷಗಳ ಕಾಲ ಕೊಹಾಲದಲ್ಲಿ ಕಬ್ಬು ಬೆಳೆಯುತ್ತಿತ್ತು. 1975ರಲ್ಲಿ ಅಲ್ಲಿನ ಸಕ್ಕರೆ ಕಾರ್ಖಾನೆ ಮುಚ್ಚಿತು. 2016ರಲ್ಲಿ ಮಾವಿ ದ್ವೀಪದ ಕಡೆಯ ತೋಟವೂ ಮುಚ್ಚಿ, ಹವಾಯಿಯ ಸಕ್ಕರೆಯ ಕಥೆಯೇ ಮುಗಿಯಿತು. ಕಬ್ಬಿನ ಲಾರಿಗಳು ಓಡಾಡುತ್ತಿದ್ದ ಮಣ್ಣು ದಾರಿಗಳು ಮಾತ್ರ ಉಳಿದವು. ದುಡಿಮೆಯ ದಾರಿಗಳು ಹೀಗೆ ಕೆಲವೆಡೆ ವಿಹಾರದ ದಾರಿಗಳಾದವು.

ಅಲ್ಲಿ ಹೊಸಬರಿಗೆ ಗಾಡಿಯನ್ನು ಕೊಟ್ಟು "ಹೋಗಿ ಬನ್ನಿ" ಎನ್ನುವುದಿಲ್ಲ. ತಲೆಗೆ ಹೆಲ್ಮೆಟ್, ಕಣ್ಣಿಗೆ ಧೂಳು ತಡೆಯುವ ಕನ್ನಡಕ, ಬೆರಳು ಮುಚ್ಚುವ ಬೂಟು, ಉದ್ದ ತೋಳಿನ ಅಂಗಿ ಮೊದಲು. ಬಳಿಕ ಬಯಲಿನಲ್ಲಿ ಪಾಠ. ವೇಗವನ್ನು ಕೊಡುವುದು ಬಲ ಹೆಬ್ಬೆರಳಿನಿಂದ ಒತ್ತುವ ಒಂದು ಪುಟ್ಟ ಸನ್ನೆ. ಬೆರಳು ತೆಗೆದ ಕೂಡಲೇ ಅದು ಹಿಂದಕ್ಕೆ ಬರುತ್ತದೆ. ಮೋಟಾರು ಸೈಕಲಿನಂತೆ ಹಿಡಿಕೆಯನ್ನು ತಿರುಚುವ ಏರ್ಪಾಡಿದ್ದರೆ, ಕುಲುಕಿಗೆ ಹಿಂದೆ ಜೋಲಿದ ಹೊಸಬನು ಭಯದಿಂದ ಹಿಡಿಕೆಯನ್ನು ಬಿಗಿಹಿಡಿದು ಇನ್ನಷ್ಟು ವೇಗವನ್ನೇ ಕೊಟ್ಟಾನು. ಏರಿನಲ್ಲಿ ಮೈಯನ್ನು ಮುಂದಕ್ಕೆ ಬಾಗಿಸಬೇಕು, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯಬೇಕು, ತಿರುವಿನಲ್ಲಿ ಒಳಬದಿಗೆ ವಾಲಬೇಕು. ಗಾಡಿಗೆ ವಾಲಲು ಬಾರದಾದ್ದರಿಂದ ಸವಾರನೇ ವಾಲಬೇಕಷ್ಟೆ. ಎಲ್ಲಕ್ಕಿಂತ ಮುಖ್ಯವಾದುದು, ಕಾಲನ್ನು ಮೆಟ್ಟಿನಿಂದ ಕೆಳಗಿಡಕೂಡದು. ಗಾಡಿ ಓಲಿದಾಗ ಸೈಕಲು ಬಿಡುವವರ ಕಾಲು ತಾನಾಗಿ ನೆಲಕ್ಕೆ ಹೋಗುತ್ತದೆ. ಇಲ್ಲಿ ಹಾಗೆ ಚಾಚಿದ ಕಾಲಿನ ಮೇಲೆ ಹಿಂದಿನ ಗಾಲಿ ಹತ್ತುತ್ತದೆ. ಸೈಕಲು ಚೆನ್ನಾಗಿ ಬಲ್ಲವರಿಗೇ ಇದು ಮರೆಯುವುದು ಕಷ್ಟ.

ದಾರಿಯಲ್ಲಿ ಮಾರ್ಗದರ್ಶಕನೊಬ್ಬನು ಮುಂದೆ, ಇನ್ನೊಬ್ಬನು ಎಲ್ಲರ ಹಿಂದೆ. ಧೈರ್ಯ ಕಡಿಮೆಯಿರುವವರನ್ನು ಮುಂದಿನವನ ಬೆನ್ನಿಗೇ ಇರಿಸುತ್ತಾರೆ. ಅವರ ವೇಗವೇ ಸಾಲಿನ ವೇಗ. ಮುಂದಿನವರನ್ನು ದಾಟಿ ಹೋಗುವಂತಿಲ್ಲ. ನಿಲ್ಲುವಾಗ ಕೈಯೆತ್ತುವ ಸಂಜ್ಞೆಯು ಒಬ್ಬರಿಂದೊಬ್ಬರಿಗೆ ಹಿಂದಕ್ಕೆ ಸಾಗುತ್ತದೆ. ನಮ್ಮ ಹಳೆಯ ವಿದ್ಯಾರ್ಥಿಯು ನಗುತ್ತಾ, "ಮತ್ತೆ ಒಂದನೆಯ ತರಗತಿಯ ಸಾಲಿನಲ್ಲಿ ನಿಂತ ಹಾಗಾಯಿತು, ಸರ್" ಎಂದರು.

ಇಷ್ಟೆಲ್ಲ ಇದ್ದೂ ಮಗನಿಗೆ ಏಕೆ ಕೊಡಲಿಲ್ಲ? ಅವನ ತೂಕ 30 ಕಿಲೋ. ಅಡ್ಡ ಇಳಿಜಾರಿನಲ್ಲಿ ತಂದೆಯು ಇಪ್ಪತ್ತು ಸೆಂಟಿಮೀಟರು ಮೇಲ್ಬದಿಗೆ ಸರಿದು ಕುಳಿತರೆ ಒಟ್ಟು ಗುರುತ್ವಕೇಂದ್ರವು ಸುಮಾರು 4 ಸೆಂಟಿಮೀಟರು ಸರಿಯುತ್ತದೆ. ಮಗನು ಅಷ್ಟೇ ಸರಿದರೆ 2 ಸೆಂಟಿಮೀಟರೂ ಇಲ್ಲ. ತಂದೆಗೆ ಸಿಗುವ ಲಾಭವೇ ಅಲ್ಪ, ಮಗನಿಗೆ ಅದರ ಅರ್ಧ. ಕುಳಿತಲ್ಲಿಂದ ಕಾಲು ಮೆಟ್ಟನ್ನು ಸರಿಯಾಗಿ ಮುಟ್ಟದಿದ್ದರೆ ಸರಿಯುವುದೂ ಆಗದು. ಇನ್ನು ಗಾಡಿ ಮಗುಚಿತೋ, ಅವನ ಮೇಲೆ ಬೀಳುವುದು ಅವನ ಹತ್ತು ಪಾಲು ಭಾರ. ಅಮೆರಿಕದಲ್ಲಿ 1982ರಿಂದ ಸರಕಾರದ ಲೆಕ್ಕಕ್ಕೆ ಸಿಕ್ಕ ಎ.ಟಿ.ವಿ. ಅಪಘಾತಗಳ ಸಾವುಗಳು ಹದಿನೈದು ಸಾವಿರವನ್ನು ಮೀರಿವೆ. ಅವುಗಳಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಹದಿನಾರು ತುಂಬದವರವು. ಹದಿನಾರು ತುಂಬದವರಿಗೆ ದೊಡ್ಡವರ ಗಾಡಿ ಸಲ್ಲದು ಎಂಬ ನಿಯಮವು ಹೀಗೆ ಮಕ್ಕಳ ಜೀವದಿಂದ ಬರೆದುದು.

ತಂದೆ ತಾಯಂದಿರಲ್ಲಿ ಒಂದು ಮಾತು. ಕಳೆದ ವರ್ಷ ಒಂದು ಕಡಲ ತೀರದಲ್ಲಿ ಇಂತಹ ಗಾಡಿಯನ್ನು ಬಾಡಿಗೆಗೆ ಕೊಡುತ್ತಿದ್ದುದನ್ನು ನಾವು ಕಂಡೆವು. ಹೆಲ್ಮೆಟ್ ಇಲ್ಲ, ಪಾಠವಿಲ್ಲ. ಒಬ್ಬರು ಸಣ್ಣ ಮಗುವನ್ನು ಮುಂದೆ, ಇನ್ನೊಂದನ್ನು ಹಿಂದೆ ಕೂರಿಸಿಕೊಂಡು, ಹಿಡಿಕೆಯನ್ನು ಮುಂದಿನ ಮಗುವಿನ ಕೈಗೆ ಕೊಟ್ಟು ಹೊರಟರು. ಪ್ರೀತಿಯಿಂದಲೇ ಕೊಟ್ಟರು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಒಬ್ಬನೇ ಸವಾರನಿಗೆಂದು ಮಾಡಿದ ಪೀಠವು ಉದ್ದವಾಗಿರುವುದು ಹೆಚ್ಚು ಜನ ಕೂರಲೆಂದಲ್ಲ. ಸವಾರನು ಹಿಂದೆ ಮುಂದೆ ಸರಿಯಲೆಂದು. ಅಲ್ಲಿ ಮಗುವನ್ನು ಕೂರಿಸಿದರೆ ತಂದೆಗೆ ಸರಿಯಲು ಜಾಗವೇ ಉಳಿಯುವುದಿಲ್ಲ. ನಾವು ಹೋಗಿ ಹೇಳಬೇಕಿತ್ತು, ಹೇಳಲಿಲ್ಲ. ಅಂದು ಅದೃಷ್ಟವಶಾತ್ ಏನೂ ಆಗಲಿಲ್ಲ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಬೇಕೆನ್ನುವವರಿಗೆ ಹವಾಯಿಯಲ್ಲಿ ಬೇರೊಂದು ಬಗೆಯ ಗಾಡಿಯನ್ನು ಕೊಡುತ್ತಾರೆ: ಪಕ್ಕಪಕ್ಕದಲ್ಲಿ ಆಸನ, ಸೊಂಟಕ್ಕೆ ಪಟ್ಟಿ, ಮೇಲೆ ಕಬ್ಬಿಣದ ಕೊಳವೆಗಳ ಚೌಕಟ್ಟು. ಮರುದಿನ ಆ ಹುಡುಗನು ಅಂತಹುದರಲ್ಲಿ ತಂದೆಯ ಪಕ್ಕದಲ್ಲಿ ಕುಳಿತು ಅದೇ ದಾರಿಯನ್ನು ನೋಡಿ ಬಂದನಂತೆ.

ಸವಾರಿ ಮುಗಿದ ಮೇಲೆ ನಡೆದುದನ್ನು ಹೇಳಲು ಅವನಿಗೆ ಹೆಚ್ಚಿನ ಉತ್ಸಾಹವಿತ್ತು. ಆ ದ್ವೀಪದ ಕಾಡಿನಲ್ಲಿ ಓಹಿಯಾ ಎಂಬ ಮರವುಂಟು; ಕೆಂಪು ಕುಚ್ಚಿನಂತಹ ಹೂ ಬಿಡುತ್ತದೆ, ಹವಾಯಿಯನ್ನು ಬಿಟ್ಟರೆ ಬೇರೆಲ್ಲಿಯೂ ಕಾಡಿನಲ್ಲಿ ಬೆಳೆಯುವುದಿಲ್ಲ. ಈ ಮರಗಳು ಎಲೆ ಕಂದಾಗಿ ಕೆಲವೇ ವಾರಗಳಲ್ಲಿ ಒಣಗಿ ನಿಲ್ಲುವುದಕ್ಕೆ ಒಂದು ಬೂಷ್ಟು ಕಾರಣವೆಂದು 2014ರಲ್ಲಿ ತಿಳಿದುಬಂತು. ತೊಗಟೆಗೆ ಆದ ಗಾಯದ ಮೂಲಕ ಅದು ಮರವನ್ನು ಹೊಗುತ್ತದೆ. ಬೂಟಿಗೂ ಗಾಲಿಗೂ ಮೆತ್ತಿದ ಮಣ್ಣಿನೊಡನೆ ಕಾಡಿನಿಂದ ಕಾಡಿಗೆ ಹೋಗಬಲ್ಲುದು. ಅಡಕೆ ತೋಟದ ಕೊಳೆರೋಗವನ್ನು ಕಂಡ ನಮ್ಮವರಿಗೆ ಬೂಷ್ಟಿನ ಹಾವಳಿಯನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಅಲ್ಲಿ ಗಾಡಿಗಳನ್ನು ಮಣ್ಣು ಹೋಗುವಂತೆ ತೊಳೆಯಬೇಕು. ಬೂಟಿನ ಅಡಿಯನ್ನು ತಿಕ್ಕಿ ನೂರಕ್ಕೆ ಎಪ್ಪತ್ತು ಪಾಲಿನ ಆಲ್ಕೋಹಾಲನ್ನು ಸಿಂಪಡಿಸಬೇಕು ಎಂದು ಸೂಚನೆಯಿದೆ.

ತಂದೆಯ ಗಾಡಿಯ ನಾಲ್ಕು ಗಾಲಿಗಳನ್ನೂ ಉಜ್ಜಿ ತೊಳೆಯುವ ಕೆಲಸವನ್ನು ಮಾರ್ಗದರ್ಶಕನು ಆ ಹುಡುಗನಿಗೇ ಕೊಟ್ಟನಂತೆ. ಟಯರಿನ ಪ್ರತಿಯೊಂದು ಸಂದಿಗೂ ಕಡ್ಡಿ ಹಾಕಿ ಮಣ್ಣು ತೆಗೆದೆ ಎಂದು ಹೇಳುತ್ತಾ, ಅಂಗಿಯ ತೋಳಿನ ಮೇಲೆ ಇನ್ನೂ ಉಳಿದಿದ್ದ ಕೆಂಪು ಕಲೆಯನ್ನು ನಮ್ಮ ಮಕ್ಕಳಿಗೆ ತೋರಿಸಿದನು. ಅವರು ತಮ್ಮ ಅಂಗಿಗಳ ಮೇಲಿನ ಕಲೆಗಳನ್ನು ಅವನಿಗೆ ತೋರಿಸಿದರು.