ಆಟವೇ ವೃತ್ತಿಯಾದಾಗ

ಕೃಷ್ಣೆಯ ದಂಡೆಯ ಗಲಗಲಿಯಲ್ಲಿ ನೆಲವನ್ನು ಉತ್ತು ಬದುಕುವವರಿದ್ದಾರೆ. ಆಚೆಯ ರಬಕವಿ-ಬನಹಟ್ಟಿಗಳಲ್ಲಿ ಮಗ್ಗವನ್ನು ನಂಬಿ ಬದುಕುವವರಿದ್ದಾರೆ. ಉಳುವುದೂ ನೇಯುವುದೂ ಕಾಯಕವೆಂಬ ವಿಷಯದಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಆಡುವುದು ಕಾಯಕವಾಗಬಲ್ಲುದೇ? ಕೆಲಸ ಬಿಟ್ಟು ಚೆಂಡಿನ ಹಿಂದೆ ಓಡುವ ಹುಡುಗನನ್ನು ಹಿರಿಯರು ಗದರಿಸುವುದು ಇಂದಿಗೂ ಉಂಟು. ಆ ಗದರಿಕೆಯಲ್ಲಿ ಅರ್ಥವಿಲ್ಲವೆಂದು ಹೇಳಲಾಗದು. ಆಟ ಹೊಟ್ಟೆ ತುಂಬಿಸದು ಎಂಬುದು ಅವರು ಬಾಳಿನಲ್ಲಿ ಕಂಡುಂಡ ಮಾತು.

ಇದಕ್ಕೆ ಅಪವಾದವಾಗಿದ್ದವರು ಪೈಲ್ವಾನರು. ನಮ್ಮ ಸೀಮೆಗೆ ದೂರವಲ್ಲದ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಕುಸ್ತಿಪಟುಗಳಿಗೆ ಆಶ್ರಯವಿತ್ತು, ಖಾಸಬಾಗ ಎಂಬ ವಿಶಾಲವಾದ ಕುಸ್ತಿಯ ಕಣವನ್ನು ಕಟ್ಟಿಸಿದರು. ಹಾಲು, ತುಪ್ಪ, ಬಾದಾಮಿಗಳ ಖುರಾಕು ಅರಮನೆಯಿಂದ ಬರುತ್ತಿದ್ದ ಕಾಲದಲ್ಲಿ ಪೈಲ್ವಾನನಿಗೆ ಗರಡಿಯ ಸಾಧನೆಯೇ ಉದ್ಯೋಗವಾಗಿತ್ತು. ಸ್ವಾತಂತ್ರ್ಯಾನಂತರ ಸಂಸ್ಥಾನಗಳು ವಿಲೀನಗೊಂಡವು. ಆ ಆಶ್ರಯವೂ ಅವುಗಳೊಡನೆ ಹೋಯಿತು.

ಅರಸರಿಲ್ಲದ ನಾಡಿನಲ್ಲಿ ಆಟಗಾರನನ್ನು ಸಾಕುವವರಾರು? ಅಮೆರಿಕದವರು ಇದಕ್ಕೆ ತಮ್ಮದೇ ಆದ ಉತ್ತರವನ್ನು ಕಂಡುಕೊಂಡರು. 1891ರಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವ್ಯಾಯಾಮ ಶಿಕ್ಷಕ ಜೇಮ್ಸ್ ನೈಸ್ಮಿತ್ ಎಂಬವರು ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ ಆರಂಭಿಸಿದ ಬಾಸ್ಕೆಟ್‌ಬಾಲ್ ಆಟ, ಮುಂದೆ ಟಿಕೆಟ್ಟು ಕೊಂಡು ನೋಡುವ ಆಟವಾಯಿತು. ಆಟಗಾರರು ಸಂಬಳ ಪಡೆಯುವ ವೃತ್ತಿನಿರತರಾದರು. 2015ರಲ್ಲಿ ಪಂಜಾಬಿನ ರೈತ ಕುಟುಂಬದ ಸತ್ನಾಮ್ ಸಿಂಗ್ ಎಂಬ ತರುಣನನ್ನು ಅಲ್ಲಿಯ ಡಲ್ಲಾಸ್ ತಂಡದವರು ಆರಿಸಿಕೊಂಡಾಗ ಭಾರತವೇ ಹಿಗ್ಗಿತು. ಆದರೆ ಅಂತಹ ವ್ಯವಸ್ಥೆಯೇ ಇಲ್ಲದ ಕಾಲದಲ್ಲಿ, ಅಂತಹ ವ್ಯವಸ್ಥೆಯೇ ಇಲ್ಲದ ಆಟದಲ್ಲಿ ವೃತ್ತಿಯ ದಾರಿಯನ್ನು ತುಳಿದವರೊಬ್ಬರು ನಮ್ಮ ಕರ್ನಾಟಕದಲ್ಲೇ ಇದ್ದಾರೆ. ಅವರೇ ಪ್ರಕಾಶ್ ಪಡುಕೋಣೆ.

ಪಡುಕೋಣೆ ಎಂಬುದು ಕುಂದಾಪುರ ಸೀಮೆಯ ಒಂದು ಹಳ್ಳಿ. ಅದು ಮನೆತನದ ಮೂಲ. ಪ್ರಕಾಶರು ಹುಟ್ಟಿದ್ದು 1955ರ ಜೂನ್ 10ರಂದು, ಬೆಂಗಳೂರಿನಲ್ಲಿ. ತಂದೆ ರಮೇಶ್ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಗಳಾಗಿ ಬಹುಕಾಲ ದುಡಿದವರು. ಮಗನಿಗೆ ರ‍್ಯಾಕೆಟ್ ಹಿಡಿಯಲು ಕಲಿಸಿದವರೂ ಅವರೇ. ಆಟ ಕಲಿತ ಸ್ಥಳವಾದರೂ ಎಂತಹುದು? ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಭವನ. ಅದು ಮದುವೆಗಳು ನಡೆಯುವ ಸ್ಥಳ. ಮದುವೆಯಿದ್ದ ದಿನ ಆಟವಿಲ್ಲ! ಲಗ್ನದ ಕಾಲ ಬಂತೆಂದರೆ ವಾದ್ಯ ಮೊಳಗುವಲ್ಲಿ ಷಟಲ್ಲಿನ ಸದ್ದು ಅಡಗಬೇಕು. ಮುಂದೆ ಜಗತ್ತನ್ನೇ ಗೆಲ್ಲಲಿದ್ದ ಆಟವೊಂದು ಹೀಗೆ ಊಟದ ಎಲೆಗಳು ಎದ್ದ ಬಳಿಕ ಸಿಕ್ಕ ಬಿಡುವಿನಲ್ಲಿ ಬೆಳೆಯಿತೆಂಬುದನ್ನು, ಶಾಲೆಗೆ ಮೈದಾನವಿಲ್ಲವೆಂದು ಕೊರಗುವವರು ನೆನೆಯಬಹುದು.

ಮೊದಲ ಬಾರಿ ರಾಜ್ಯದ ಕಿರಿಯರ ಪಂದ್ಯಾವಳಿಗೆ ಇಳಿದಾಗ ಅವರು ಮೊದಲ ಸುತ್ತಿನಲ್ಲೇ ಸೋತರು. ಎರಡು ವರ್ಷಗಳ ತರುವಾಯ ಅದೇ ಪ್ರಶಸ್ತಿ ಅವರದಾಯಿತು. ಇನ್ನೂ ಹದಿಹರೆಯದಲ್ಲಿರುವಾಗಲೇ ರಾಷ್ಟ್ರದ ಹಿರಿಯರ ಪ್ರಶಸ್ತಿಯನ್ನು ಗೆದ್ದರು. 1971ರಿಂದ 1979ರವರೆಗೆ, ಸತತವಾಗಿ ಒಂಬತ್ತು ಬಾರಿ, ಆ ಪ್ರಶಸ್ತಿ ಬೇರೆಯವರ ಕೈಗೆ ಹೋಗಲಿಲ್ಲ. 1978ರಲ್ಲಿ ಕೆನಡಾದ ಎಡ್ಮಂಟನ್ನಿನಲ್ಲಿ ಜರುಗಿದ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಸ್ವರ್ಣಪದಕವೂ ದೊರೆಯಿತು.

1980ರ ಮಾರ್ಚಿಯಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಆಲ್ ಇಂಗ್ಲೆಂಡ್ ಪಂದ್ಯಾವಳಿಯನ್ನು ತುಸು ವಿವರವಾಗಿ ನೋಡಬೇಕು. ಆ ಕಾಲಕ್ಕೆ ಬ್ಯಾಡ್ಮಿಂಟನ್ನಿನಲ್ಲಿ ಅದಕ್ಕಿಂತ ದೊಡ್ಡ ಗೌರವ ಬೇರೊಂದಿರಲಿಲ್ಲವೆಂದೇ ಹೇಳಬಹುದು. ಡೆನ್ಮಾರ್ಕ್ ಮತ್ತು ಸ್ವೀಡನ್ನುಗಳ ಮುಕ್ತ ಪಂದ್ಯಾವಳಿಗಳನ್ನು ಆಗತಾನೆ ಗೆದ್ದು ಬಂದಿದ್ದ ಪ್ರಕಾಶರಿಗೆ ಅಂತಿಮ ಪಂದ್ಯದಲ್ಲಿ ಎದುರಾದವರು ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಹಿಂದಿನ ಎರಡು ವರ್ಷವೂ ಅವರೇ ವಿಜೇತರು. ನೆಲದಿಂದ ನೆಗೆದು ಮೇಲಿನಿಂದ ಅಪ್ಪಳಿಸುವ ಅವರ ಹೊಡೆತಕ್ಕೆ ಎದುರಾಳಿಗಳು ನಡುಗುತ್ತಿದ್ದರು. ಪ್ರಕಾಶರು ಬಲಕ್ಕೆ ಬಲವನ್ನು ಒಡ್ಡಲು ಹೋಗಲಿಲ್ಲ. ಅವರ ಶಕ್ತಿಯಿದ್ದುದು ಮಣಿಕಟ್ಟಿನಲ್ಲಿ. ಒಂದೆಡೆ ಹೊಡೆಯುವಂತೆ ತೋರಿ ಇನ್ನೊಂದೆಡೆಗೆ ಕಳುಹಿಸುವ ವಂಚಕ ಹೊಡೆತ, ಜಾಲದ ಅಂಚನ್ನು ಸವರಿ ಬೀಳುವ ಮೃದುವಾದ ತಟ್ಟು, ಇವುಗಳನ್ನು ನಂಬಿ ಆಡಿದರು. ಫಲಿತಾಂಶ 15-3, 15-10. ಈಗಿನಂತೆ ಪ್ರತಿಯೊಂದು ಹೊಡೆದಾಟಕ್ಕೂ ಅಂಕ ಸಿಗುವ ಕ್ರಮ ಆಗ ಇರಲಿಲ್ಲ. ಸರ್ವ್ ಮಾಡಿದವನು ಗೆದ್ದರೆ ಮಾತ್ರ ಅಂಕ. ಆ ನಿಯಮದಲ್ಲಿ ಕಿಂಗರಂತಹ ಆಟಗಾರರನ್ನು ಮೂರಂಕಕ್ಕೆ ತಡೆದುದು ಸಾಮಾನ್ಯವಲ್ಲ. ಆಲ್ ಇಂಗ್ಲೆಂಡ್ ಪುರುಷರ ಪ್ರಶಸ್ತಿಯನ್ನು ಗೆದ್ದ ಮೊದಲ ಭಾರತೀಯರು ಅವರಾದರು.

ನಾಡಿನ ಜನ ಇಷ್ಟಕ್ಕೇ ಕಥೆ ಮುಗಿಯಿತೆಂದು ಭಾವಿಸುವುದುಂಟು. ನಿಜವಾದ ಪರೀಕ್ಷೆ ಆರಂಭವಾದುದು ಇಲ್ಲಿಂದಲೇ. ಗೆಲುವಿನ ಮರುದಿನವೂ ಆಟಗಾರ ಉಣ್ಣಬೇಕು, ಅಭ್ಯಾಸ ಮಾಡಬೇಕು, ತನ್ನ ಸರಿಸಮಾನರೊಡನೆ ಸೆಣಸಬೇಕು. ಒಂಬತ್ತು ವರ್ಷ ಸೋಲರಿಯದ ಸ್ವದೇಶದಲ್ಲಿ ಅಂತಹ ಎದುರಾಳಿಗಳು ಎಷ್ಟು ಮಂದಿ ದೊರೆತಾರು? ಪ್ರಕಾಶರು ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ ತೆರಳಿದರು. ಅಲ್ಲಿ ಊರೂರಿಗೆ ಆಟದ ಮಂಡಳಿಗಳು, ಮೊರ್ಟನ್ ಫ್ರಾಸ್ಟರಂತಹ ಶ್ರೇಷ್ಠ ಆಟಗಾರರು, ಸುತ್ತಲೂ ಯೂರೋಪಿನ ಪಂದ್ಯಾವಳಿಗಳು. ಸೂರ್ಯನೇ ಮುಖ ತೋರದ ಚಳಿಗಾಲವನ್ನು ಸಹಿಸಿ ಅಲ್ಲಿ ವರ್ಷಗಟ್ಟಲೆ ಬಾಳಿದರು. ಚಲನಚಿತ್ರ ನೋಡುವ ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು: ಅವರ ಹಿರಿಯ ಮಗಳು ದೀಪಿಕಾ ಹುಟ್ಟಿದ್ದು ಆ ಕೋಪನ್‌ಹೇಗನ್ನಿನಲ್ಲೇ, 1986ರಲ್ಲಿ.

ಆಡಿ ಗಳಿಸುವ ಈ ದಾರಿಗೆ ಬೆಲೆ ತೆರಬೇಕಾಯಿತು. ಆಗಿನ್ನೂ ಕ್ರೀಡಾಲೋಕದಲ್ಲಿ ಹವ್ಯಾಸಿಗಳು, ವೃತ್ತಿನಿರತರು ಎಂಬ ಪಂಕ್ತಿಭೇದ ಬಲವಾಗಿತ್ತು. ಬಹುಮಾನದ ಹಣವನ್ನು ಸ್ವೀಕರಿಸುವ ಬ್ಯಾಡ್ಮಿಂಟನ್ ಆಟಗಾರನು ‘ಪರವಾನಿಗೆ ಪಡೆದ ಆಟಗಾರ’ನೆನಿಸುತ್ತಿದ್ದನು, ಹವ್ಯಾಸಿಗಳಿಗೆಂದೇ ಮೀಸಲಾದ ಕ್ರೀಡಾಕೂಟಗಳ ಬಾಗಿಲು ಅವನಿಗೆ ಮುಚ್ಚುತ್ತಿತ್ತು. 1982ರಲ್ಲಿ ದಿಲ್ಲಿಯಲ್ಲಿ ಏಷ್ಯನ್ ಕ್ರೀಡೆಗಳು ನಡೆದವು. ದೇಶವೇ ಹಬ್ಬ ಮಾಡಿದ ಆ ಕೂಟದಲ್ಲಿ ದೇಶದ ಅತ್ಯಂತ ಶ್ರೇಷ್ಠ ಬ್ಯಾಡ್ಮಿಂಟನ್ ಆಟಗಾರರೇ ಆಡಲಾಗಲಿಲ್ಲ. ತನ್ನ ದುಡಿಮೆಯಿಂದ ಬದುಕುವುದು ಒಂದು ಅನರ್ಹತೆಯೇ? ನೇಕಾರನು ಸೀರೆಯನ್ನು ಮಾರಿದನೆಂದು ಅವನನ್ನು ನೇಕಾರರ ಸಾಲಿನಿಂದ ಯಾರೂ ಎಬ್ಬಿಸುವುದಿಲ್ಲ. ಹೊಟ್ಟೆಯ ಚಿಂತೆಯಿಲ್ಲದ ಸಿರಿವಂತರು ಮಾಡಿದ ನಿಯಮವದು ಎಂದೇ ನನ್ನ ಅಭಿಪ್ರಾಯ. ಕಾಲಕ್ರಮದಲ್ಲಿ ಆ ನಿಯಮ ಸಡಿಲಗೊಂಡಿತು. ಬ್ಯಾಡ್ಮಿಂಟನ್ ಒಲಿಂಪಿಕ್ಸಿನಲ್ಲಿ ಪದಕಗಳ ಆಟವಾದುದು 1992ರಲ್ಲಿ, ಬಾರ್ಸಿಲೋನಾದಲ್ಲಿ. ಪ್ರಕಾಶರು 1991ರಲ್ಲೇ ನಿವೃತ್ತರಾಗಿದ್ದರು!

ಗಳಿಕೆಯೂ ಇಲ್ಲದಿರಲಿಲ್ಲ. 1981ರಲ್ಲಿ ಕೌಲಾಲಂಪುರದ ವಿಶ್ವಕಪ್ ಪಂದ್ಯಾವಳಿಯಲ್ಲಿ ಚೀನದ ಹಾನ್ ಜಿಯಾನರನ್ನು 15-0, 18-16ರಿಂದ ಮಣಿಸಿದರು. 1983ರಲ್ಲಿ ಕೋಪನ್‌ಹೇಗನ್ನಿನಲ್ಲೇ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಕಂಚು ಪಡೆದರು. ಈ ಅಂಕಿಗಳಿಗಿಂತ ಮಿಗಿಲಾಗಿ ಅವರು ಹೊತ್ತುತಂದುದು ಒಂದು ತಿಳಿವಳಿಕೆ: ಆಟಗಾರನಿಗೆ ಅಂಕಣ, ತರಬೇತುದಾರ, ಜೊತೆಗಾರ, ವೈದ್ಯ ಇವರೆಲ್ಲ ಒಂದೇ ಕಡೆ ದೊರೆಯಬೇಕೆಂಬುದು. 1994ರಲ್ಲಿ ವಿಮಲ್ ಕುಮಾರರು ಮೊದಲಾದವರೊಡನೆ ಕೂಡಿ ಬೆಂಗಳೂರಿನಲ್ಲಿ ತರಬೇತಿ ಕೇಂದ್ರವೊಂದನ್ನು ಆರಂಭಿಸಿದರು. ಅಲ್ಲಿ ಸಾಧನೆ ಮಾಡಿದ ಪುಲ್ಲೇಲ ಗೋಪಿಚಂದರು 2001ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದ ಎರಡನೆಯ ಭಾರತೀಯರಾದರು.

ಅದೇ ಕೇಂದ್ರದಲ್ಲಿ ಬೆಳೆದ ಲಕ್ಷ್ಯ ಸೇನರು 2024ರ ಪ್ಯಾರಿಸ್ ಒಲಿಂಪಿಕ್ಸಿನ ಕಂಚಿನ ಪಂದ್ಯದಲ್ಲಿ ಮೊದಲ ಆಟವನ್ನು ಗೆದ್ದೂ ಮಲೇಷ್ಯಾದ ಲೀ ಜೀ ಜಿಯಾರಿಗೆ ಸೋತರು. ಅಂಕಣದ ಬದಿಯಲ್ಲಿ ತರಬೇತುದಾರರಾಗಿ ಕುಳಿತಿದ್ದವರು ಅರುವತ್ತೊಂಬತ್ತು ವರ್ಷದ ಪ್ರಕಾಶರು. ಪಂದ್ಯ ಮುಗಿದೊಡನೆ, ಸರ್ಕಾರವೂ ಸಂಘಗಳೂ ಬೇಕಾದುದನ್ನೆಲ್ಲ ಒದಗಿಸಿರುವಾಗ ಇನ್ನು ಆಟಗಾರರೇ ಹೊಣೆ ಹೊರಬೇಕೆಂದು ಅವರು ನೇರವಾಗಿ ನುಡಿದರು. ಕೊಡಗಿನ ಅಶ್ವಿನಿ ಪೊನ್ನಪ್ಪ ಅದನ್ನು ಒಪ್ಪಲಿಲ್ಲ. ಗೆದ್ದಾಗ ಎಲ್ಲರೂ ಹೆಸರು ಪಡೆಯುವಾಗ ಸೋಲಿನ ಹೊಣೆ ಆಟಗಾರನೊಬ್ಬನದೇ ಏಕೆಂದು ಬಹಿರಂಗವಾಗಿ ಪ್ರಶ್ನಿಸಿದರು. ಮದುವೆಯ ಮಂಟಪದಲ್ಲಿ ಆಟ ಕಲಿತವರಿಗೂ ಒದಗಿಬಂದ ಸೌಲಭ್ಯಗಳ ನಡುವೆ ಆಡಿದವರಿಗೂ ಹೊಣೆ ಎಂಬ ಮಾತಿನ ತೂಕ ಒಂದೇ ಆಗಿರಲಾರದು. ಆ ಚರ್ಚೆ ನಮ್ಮ ಕ್ರೀಡಾಂಗಣಗಳಲ್ಲಿ ಇನ್ನೂ ನಿಂತಿಲ್ಲ.