‘ಕೋಟೆ’ ಎಂಬ ಶಬ್ದದ ವಿಚಾರ

ನಮ್ಮೂರಿನಲ್ಲಿ ‘ಕೋಟೆ ಹೊಲ’ ಎಂಬ ಹೊಲವೊಂದಿದೆ. ಅಲ್ಲಿ ಕೋಟೆಯೂ ಇಲ್ಲ, ಕಲ್ಲೂ ಇಲ್ಲ. ಕಳೆದ ಬೇಸಗೆಯ ರಜೆಯಲ್ಲಿ ಈ ಹೆಸರೇಕೆ ಬಂದಿತೆಂದು ಅಜ್ಜಿಯನ್ನು ಕೇಳಿದೆನು. “ಓದೋನು ನೀನು, ನನ್ನ ಕೇಳ್ತೀಯಲ್ಲ ಮಗಾ! ಮುಂಚೆ ಮಣ್ಣಿನ ಗ್ವಾಡೆ ಇತ್ತಂತೆ. ಮಳೆಗೆ ಕರಗಿಹೋಯ್ತು, ಹೆಸರು ಉಳೀತು” ಎಂದಳು.

ಕಾಲೇಜಿಗೆ ಹಿಂದಿರುಗಿ ಇದನ್ನು ಹೇಳಿದಾಗ ಗೆಳೆಯನೊಬ್ಬನು, “ಕೋಟೆ ಸಂಸ್ಕೃತದ ಮಾತು. ಕನ್ನಡಕ್ಕೆ ಗುಡಿಸಲಿನ ಮಾತುಗಳಲ್ಲದೆ ಕೋಟೆಯ ಮಾತುಗಳೆಲ್ಲಿವೆ?” ಎಂದನು. ಅಂದು ನಾನು ನಿರುತ್ತರನಾದೆ. ಅಂದಿನಿಂದ ನಿಘಂಟುಗಳನ್ನು ನೋಡಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಅರ್ಥ. ಕೋಟೆಯೆಂದರೆ ಇಂದು ಗೋಡೆ, ಬಾಗಿಲು, ಒಳಗಿನ ಕಟ್ಟಡ ಎಲ್ಲವೂ ಕೂಡಿದ ಸ್ಥಳ. ಆದರೆ ಚಿತ್ರದುರ್ಗದ್ದು ‘ಏಳು ಸುತ್ತಿನ ಕೋಟೆ’ ಎನ್ನುವಾಗ ನಾವು ಎಣಿಸುವುದು ಸ್ಥಳವನ್ನಲ್ಲ, ಸುತ್ತಿ ಬಂದಿರುವ ಗೋಡೆಯನ್ನು. ಕೆಂಪೇಗೌಡನು 1537ರಲ್ಲಿ ಬೆಂಗಳೂರಿಗೆ ಮಣ್ಣಿನ ಕೋಟೆ ಕಟ್ಟಿಸಿದನು ಎಂಬಲ್ಲಿಯೂ ಗೋಡೆಯ ಅರ್ಥವೇ ಮುಂದಾಗಿದೆ. ಅದೇ ಬೆಂಗಳೂರಿನಲ್ಲಿ ‘ಕೋಟೆ’, ‘ಪೇಟೆ’ ಎಂದು ಎರಡು ಭಾಗಗಳನ್ನು ಹೇಳುವಾಗ ಅದು ಸ್ಥಳದ ಹೆಸರು. ಹೀಗೆ ಕಾಯುವ ಗೋಡೆಗೂ ಅದು ಕಾಯ್ದ ನೆಲಕ್ಕೂ ಒಂದೇ ಮಾತು ಸಲ್ಲುತ್ತದೆ. ಗೋಡೆ ಕರಗಿದರೂ ನಮ್ಮ ಹೊಲಕ್ಕೆ ಹೆಸರು ಉಳಿದುದು ಇದರಿಂದಲೇ.

ಸಂಸ್ಕೃತದಲ್ಲಿ ಇದಕ್ಕೆ ಬೇರೆ ಶಬ್ದಗಳು ಧಾರಾಳವಾಗಿವೆ. ಋಗ್ವೇದದಲ್ಲಿ ಬರುವುದು ‘ಪುರ್’. ‘ದುರ್ಗ’ವೆಂದರೆ ಹೋಗಲು ಕಷ್ಟವಾದುದು. ಕೌಟಿಲ್ಯನು ‘ವಪ್ರ’, ‘ಪ್ರಾಕಾರ’ಗಳ ಭೇದವನ್ನು ಸ್ಪಷ್ಟವಾಗಿ ತಿಳಿಸುತ್ತಾನೆ: ಕಂದಕ ತೋಡಿದ ಮಣ್ಣನ್ನು ರಾಶಿ ಹಾಕಿ, ಆನೆ ಎತ್ತುಗಳಿಂದ ತುಳಿಸಿದ ದಿಬ್ಬ ವಪ್ರ, ಅದರ ಮೇಲೆ ಇಟ್ಟಿಗೆ ಅಥವಾ ಕಲ್ಲಿನಿಂದ ಕಟ್ಟಿದ ಗೋಡೆ ಪ್ರಾಕಾರ. ಮರದಿಂದ ಕಟ್ಟಬಾರದು, ಅದರಲ್ಲಿ ಬೆಂಕಿ ಅಡಗಿದೆ ಎಂದು ಎಚ್ಚರಿಸುತ್ತಾನೆ. ಈ ಅರ್ಥಶಾಸ್ತ್ರವನ್ನು ಮೈಸೂರಿನಲ್ಲಿ ಕಂಡುಹಿಡಿದು 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು.

ಇನ್ನು ಮೂಲದ ಪ್ರಶ್ನೆ. ಸಂಸ್ಕೃತದಲ್ಲಿ ‘ಕೋಟ’, ‘ಕೋಟ್ಟ’ ಎಂಬ ರೂಪಗಳಿರುವುದು ನಿಜ. ಬಾಗು ಎಂಬ ಅರ್ಥದ ‘ಕುಟ್’ ಧಾತುವಿನಿಂದ ಅವನ್ನು ಸಾಧಿಸುವುದೂ ಉಂಟು. ಆದರೆ ತಮಿಳಿನಲ್ಲಿ ಕೋಟ್ಟೈ, ಮಲಯಾಳದಲ್ಲಿ ಕೋಟ್ಟ, ತೆಲುಗಿನಲ್ಲಿ ಕೋಟ, ತುಳುವಿನಲ್ಲಿ ಕೋಟೆ ಇವೆ. ಕೊಡವ ಭಾಷೆಯಲ್ಲಿ ಇದೇ ಮಾತಿಗೆ ಅರಮನೆಯೆಂದು ಅರ್ಥ. ನೀಲಗಿರಿಯ ಕೋತರ ನುಡಿಯಲ್ಲಿಯೂ, ದೂರದ ಒಡಿಶಾದ ಕುವಿ ನುಡಿಯಲ್ಲಿಯೂ ಇದರ ಬಂಧುಗಳಿವೆ. ಆದ್ದರಿಂದಲೇ ಬರೊ ಮತ್ತು ಎಮೆನೊ ಅವರು ತಮ್ಮ ದ್ರಾವಿಡ ನಿಘಂಟಿನಲ್ಲಿ (1961) ಇವನ್ನೆಲ್ಲ ಒಂದೇ ಗುಂಪಿನಲ್ಲಿ ಸೇರಿಸಿ, ಸಂಸ್ಕೃತ ರೂಪವನ್ನು ಹೋಲಿಕೆಗಾಗಿ ಕೊನೆಯಲ್ಲಿ ಇಟ್ಟಿದ್ದಾರೆ.

ಹಳಗನ್ನಡದ ಸಾಕ್ಷ್ಯವೂ ಇದೆ. ಪಂಪಭಾರತದಲ್ಲಿ ದೊರೆಯುವ ರೂಪ ‘ಕೋಂಟೆ’. ‘ತೋಂಟ’ವು ‘ತೋಟ’ವಾಗಿ, ‘ದಾಂಟು’ ಎಂಬುದು ‘ದಾಟು’ ಆದಂತೆ ‘ಕೋಂಟೆ’ಯು ‘ಕೋಟೆ’ಯಾಗಿದೆ. ತೋಂಟದ ಸಿದ್ಧಲಿಂಗರ ಹೆಸರಿನಲ್ಲಿ ಆ ಹಳೆಯ ಸೊನ್ನೆ ಇನ್ನೂ ಉಳಿದಿದೆ. ಸಂಸ್ಕೃತದ ‘ಕೋಟ’ದಲ್ಲಿ ಈ ಸೊನ್ನೆಯಿಲ್ಲ. ನಮ್ಮ ಮಾತು ಕನ್ನಡದ ದಾರಿಯಲ್ಲಿಯೇ ನಡೆದು ಬಂದಿದೆಯೆಂಬುದಕ್ಕೆ ಇಷ್ಟು ಸಾಕು. ಉತ್ತರದ ರಾಜಕೋಟ, ಪಠಾಣಕೋಟಗಳಲ್ಲಿರುವ ‘ಕೋಟ’ವೂ ಸಂಸ್ಕೃತದ ಮೂಲಕ ಅಲ್ಲಿಗೆ ತಲುಪಿದ ಈ ಶಬ್ದವೇ ಎನ್ನಬಹುದು.

ಗೆಳೆಯನ ಎರಡನೆಯ ಮಾತೂ ನಿಲ್ಲದು. ಅಗಳು, ಕೊತ್ತಲ, ತೆನೆ ಇವೆಲ್ಲ ಕನ್ನಡದ ಕೋಟೆಯ ಮಾತುಗಳು. ಅಗಳು ‘ಅಗೆ’ಯ ಸಂಬಂಧಿ, ಕೋಟೆಯ ನೆತ್ತಿಯ ಸಾಲಿಗೂ ಜೋಳದ ಕದಿರಿಗೂ ತೆನೆಯೆಂಬುದೊಂದೇ ಹೆಸರು. ಹೊರಗಿನಿಂದ ಬಂದುದಕ್ಕೆ ಹೊರಗಿನ ಹೆಸರನ್ನೇ ಇಟ್ಟುಕೊಂಡೆವು. ವಿಜಾಪುರದ ಉಪಲಿ ಬುರುಜಿನ ‘ಬುರುಜು’ ಅರಬ್ಬಿಯದು. ಕೊಟ್ಟುದೂ ಉಂಟು, ಕೊಂಡುದೂ ಉಂಟು. ಇದರಲ್ಲಿ ನಾಚಿಕೆಗೆ ಎಡೆಯೆಲ್ಲಿ?

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇಲ್ಲಿಗೆ ಬಂದ ಹೊಸದರಲ್ಲಿ ಮನೆಯ ಮಾತನ್ನು ಊರಿನಲ್ಲಿಯೇ ಬಿಟ್ಟು ಬರಬೇಕೆಂದು ತಿಳಿದಿದ್ದೆನು. ಈಗ ಹಾಗೆ ತಿಳಿಯುವುದಿಲ್ಲ. ಸಹಪಾಠಿಗಳು ರಜೆಗೆ ಹೋದಾಗ ತಮ್ಮೂರ ಹೊಲಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದುಕೊಂಡು ಬರಬೇಕೆಂದು ನನ್ನ ವಿನಂತಿ.