ತಬ್ಬಲಿ ಮಕ್ಕಳ ಓದಿಗೆ ಊರಿನ ಟ್ರಸ್ಟ್: ಕಟ್ಟುವುದು, ನಡೆಸುವುದು ಹೇಗೆ?

ಹೆತ್ತವರಿಲ್ಲದ ಮಕ್ಕಳಿಗೆ ನೆರವಾಗಬೇಕು ಎಂದಾಗ ಹಲವರಿಗೆ ಮೊದಲು ಹೊಳೆಯುವುದು ಅನಾಥಾಶ್ರಮ. ಆದರೆ ಇಂಥ ಎಷ್ಟೋ ಮಕ್ಕಳು ಅಜ್ಜಿಯದೋ ಚಿಕ್ಕಪ್ಪನದೋ ಆಸರೆಯಲ್ಲಿ ಬೆಳೆಯುತ್ತಿರುತ್ತಾರೆ. ಅಲ್ಲಿ ಹೊತ್ತಿನ ಊಟ ಹೇಗೋ ಸಾಗುತ್ತದೆ, ಓದಿಸುವ ಶಕ್ತಿ ಸಾಲುವುದಿಲ್ಲ. ಮಗುವನ್ನು ಆ ಮನೆಯಲ್ಲೇ ಉಳಿಸಿ ಓದು ಮುಂದುವರಿಸುವುದು ಊರಿನ ಏಳೆಂಟು ಮಂದಿ ಸೇರಿದರೆ ಆಗುವ ಕೆಲಸ.

1. ನೋಂದಣಿ ಮಾಡಿಸಿ
ಟ್ರಸ್ಟ್ ಆದರೆ ಟ್ರಸ್ಟ್ ಡೀಡ್ ಬರೆಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಸಂಘವಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಂತೆ ಕನಿಷ್ಠ 7 ಸದಸ್ಯರು ಬೇಕು. ಸಂಸ್ಥೆಯ ಹೆಸರಿನಲ್ಲೇ ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆ ಮಾಡಿಸಿ. ಹಣ ತೆಗೆಯಲು ಇಬ್ಬರ ಸಹಿ ಕಡ್ಡಾಯ ಮಾಡಿ.

2. ಮಕ್ಕಳನ್ನು ಗುರುತಿಸಿ
ಶಾಲೆಯ ಮುಖ್ಯಶಿಕ್ಷಕರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರಿಗೆ ಪ್ರತಿ ಮನೆಯ ಸ್ಥಿತಿ ಗೊತ್ತಿರುತ್ತದೆ. ಅವರನ್ನು ಕೇಳಿ. ನೋಡಿಕೊಳ್ಳುವವರೇ ಇಲ್ಲದ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮುಂದಿನ ನಿರ್ಧಾರ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯದು. ಅಂಥ ಮಕ್ಕಳನ್ನು ನೀವೇ ಇಟ್ಟುಕೊಳ್ಳಲು ಹೋಗಬೇಡಿ: ನೋಂದಣಿಯಿಲ್ಲದೆ ಮಕ್ಕಳ ಪಾಲನಾ ಸಂಸ್ಥೆ ನಡೆಸುವುದು ಬಾಲನ್ಯಾಯ ಕಾಯ್ದೆ, 2015ರ ಪ್ರಕಾರ ಶಿಕ್ಷಾರ್ಹ ಅಪರಾಧ.

3. ಕಾಗದಪತ್ರ ಸರಿಪಡಿಸಿ
ಹಣಕ್ಕಿಂತ ಮೊದಲು ಆಗಬೇಕಾದ ಕೆಲಸವಿದು. ತಂದೆತಾಯಿಯ ಮರಣ ಪ್ರಮಾಣಪತ್ರ, ನಾಡಕಚೇರಿಯ ಜಾತಿ ಮತ್ತು ಆದಾಯ ಪತ್ರ, ಮಗುವಿನ ಆಧಾರ್, ಆಧಾರ್ ಜೋಡಣೆಯಾದ ಬ್ಯಾಂಕ್ ಪಾಸ್‌ಬುಕ್ ಇವಿಷ್ಟೂ ಒಂದು ಫೈಲಿನಲ್ಲಿರಲಿ. ಆಧಾರ್‌ನಲ್ಲಿ ಒಂದು ಹೆಸರು, ಶಾಲಾ ದಾಖಲೆಯಲ್ಲಿ ಇನ್ನೊಂದು ಇನಿಷಿಯಲ್ ಇದ್ದರೂ ವಿದ್ಯಾರ್ಥಿವೇತನ ನಿಂತುಹೋಗಬಹುದು. ಓದು ಬಾರದ ಅಜ್ಜಿ ಇದಕ್ಕಾಗಿ ಕೂಲಿ ಬಿಟ್ಟು ಕಚೇರಿ ಅಲೆಯುವಂತಾಗಬಾರದು. ಸದಸ್ಯರಲ್ಲೊಬ್ಬರು ಜೊತೆಗೆ ಹೋಗಿ ಮುಗಿಸಿಕೊಡಿ.

4. ಸರ್ಕಾರದ ನೆರವು ಕೊಡಿಸಿ
ಮಕ್ಕಳ ರಕ್ಷಣೆಗಾಗಿ ಕೇಂದ್ರ ಸರ್ಕಾರ ನಡೆಸುವ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ, ಬಂಧುಗಳ ಮನೆಯಲ್ಲಿರುವ ಅನಾಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಗಳಲ್ಲಿ 72,000, ಇತರೆಡೆ 96,000 ರೂಪಾಯಿ ಮೀರಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಡಿ.

5. ಹತ್ತನೇ ತರಗತಿಯ ನಂತರಕ್ಕೆ ಹಣ ಉಳಿಸಿ
ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ ಉಚಿತ. ಆದರೆ ಕಡ್ಡಾಯ ಶಿಕ್ಷಣ ಹಕ್ಕಿನ ರಕ್ಷಣೆ 14 ವರ್ಷಕ್ಕೆ ಮುಗಿಯುತ್ತದೆ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಪಿಯು, ಐಟಿಐ, ಡಿಪ್ಲೊಮಾ ಶುಲ್ಕ, ಬಸ್ ಪಾಸು, ಹಾಸ್ಟೆಲ್ ಖರ್ಚು ಎಲ್ಲವೂ ಒಮ್ಮೆಗೇ ಎದುರಾಗುತ್ತವೆ. ನೂರು ಮಕ್ಕಳಿಗೆ ಒಂದು ದಿನ ನೋಟ್‌ಬುಕ್ ಹಂಚುವುದಕ್ಕಿಂತ ಐದು ಮಕ್ಕಳನ್ನು ಕೆಲಸ ಸಿಗುವವರೆಗೆ ಓದಿಸುವುದು ಮೇಲು.

6. ಲೆಕ್ಕ ತೆರೆದಿಡಿ
ಪ್ರತಿ ದೇಣಿಗೆಗೂ ರಸೀದಿ ಕೊಡಿ, ವರ್ಷಕ್ಕೊಮ್ಮೆ ಆಡಿಟ್ ಮಾಡಿಸಿ, ಊರ ಸಭೆಯಲ್ಲಿ ಓದಿ ಹೇಳಿ. ವಿದೇಶದಲ್ಲಿದ್ದೂ ಭಾರತದ ಪೌರರಾಗಿರುವವರು ತಮ್ಮ ಉಳಿತಾಯದಿಂದ ಕೊಟ್ಟರೆ ಅಡ್ಡಿಯಿಲ್ಲ. ಬೇರೆ ದೇಶದ ಪೌರತ್ವ ಪಡೆದವರಿಂದ ಪಡೆಯಲು ವಿದೇಶಿ ದೇಣಿಗೆ ಕಾಯ್ದೆಯಡಿ ಅನುಮತಿ ಬೇಕು.

7. ಮಗುವಿನ ಮರ್ಯಾದೆ ಕಾಯಿರಿ
ಪಾಲನೆ, ರಕ್ಷಣೆ ಬೇಕಿರುವ ಮಗುವಿನ ಗುರುತನ್ನು ಮಾಧ್ಯಮದಲ್ಲಿ ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಕಾನೂನು ಒತ್ತಟ್ಟಿಗಿರಲಿ, ವೇದಿಕೆಯಲ್ಲಿ ಬ್ಯಾಗು ಕೊಡುತ್ತಾ ತೆಗೆದ ಫೋಟೊ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡಿದರೆ ಮರುದಿನ ಆ ಮಗು ತರಗತಿಯಲ್ಲಿ ತಲೆ ತಗ್ಗಿಸಿ ಕೂರಬೇಕಾಗುತ್ತದೆ. ನೆರವು ಮನೆಗೆ ತಲುಪಲಿ.

ಶಾಲೆ ಆರಂಭವಾಗುವ ಮೊದಲೇ ನಿಮ್ಮೂರ ಮುಖ್ಯಶಿಕ್ಷಕರನ್ನು ಕಂಡು, ಹೆತ್ತವರಿಲ್ಲದ ಮಕ್ಕಳು ಯಾರಿದ್ದಾರೆ ಎಂದು ವಿಚಾರಿಸಿ. ಒಂದೇ ಮಗುವಿನಿಂದ ಶುರು ಮಾಡಿದರೂ ಸಾಕು, ನಡುವೆ ಮಾತ್ರ ಕೈಬಿಡಬೇಡಿ.